ವಾಟ್ಸ್ಕೆ ಎಂಬ ಖಜಾಂಚಿ

ಫುಟ್‌ಬಾಲ್ ಕುರಿತು ಬರೆಯುವವರು ಗೋಲು ಹೊಡೆದವರನ್ನು ಹಾಡಿ ಹೊಗಳುತ್ತಾರೆ, ತರಬೇತುದಾರರ ಜಾಣ್ಮೆಯನ್ನು ಬಿಡಿಸಿ ಹೇಳುತ್ತಾರೆ. ಕ್ಲಬ್ಬಿನ ಲೆಕ್ಕ ನೋಡಿಕೊಂಡವರ ಬಗ್ಗೆ ಕನ್ನಡದಲ್ಲಿ ಯಾರಾದರೂ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಲೆಕ್ಕ ಬರೆಯುವುದೇ ನನ್ನ ಹೊಟ್ಟೆಪಾಡು, ಹಾಗಾಗಿ ಈ ಕೆಲಸ ನನಗಿರಲಿ. ನಾನು ಹೇಳಹೊರಟಿರುವುದು ಹಾನ್ಸ್-ಯೋವಾಖಿಮ್ ವಾಟ್ಸ್ಕೆ ಅವರ ಬಗ್ಗೆ. ಜರ್ಮನಿಯ ಬೊರುಸಿಯಾ ಡಾರ್ಟ್‌ಮುಂಡ್ ಕ್ಲಬ್ಬನ್ನು ಇಪ್ಪತ್ತು ವರ್ಷ ನಡೆಸಿದವರು ಅವರು. ಅದಕ್ಕೂ ಮೊದಲು ಅದೇ ಕ್ಲಬ್ಬಿನ ಖಜಾಂಚಿಯಾಗಿದ್ದವರು.

ನಾನು ಗದಗಿನವಳು. ಮದುವೆಯಾಗಿ ಗೋವಾದ ವಾಸ್ಕೊಗೆ ಬಂದೆ. ಮುರಗಾಂವ್ ಬಂದರಿಗೆ ಬರುವ ಹಡಗುಗಳ ಏಜೆಂಟರ ಕಚೇರಿಯೊಂದರಲ್ಲಿ ಲೆಕ್ಕಪತ್ರ ವಿಭಾಗ ನೋಡಿಕೊಳ್ಳುತ್ತೇನೆ. ನಮ್ಮ ಕನ್ನಡ ಸಂಘಕ್ಕೂ ನಾನೇ ಖಜಾಂಚಿ. ಬೈನಾ, ಝುವಾರಿನಗರದ ಕಡೆ ಬಾಗಲಕೋಟೆ, ಕೊಪ್ಪಳ, ವಿಜಯಪುರದಿಂದ ದುಡಿಯಲು ಬಂದು ನೆಲೆಸಿದ ಸಂಸಾರಗಳು ಬಹಳ. ಅವರ ಮಕ್ಕಳು ಹುಟ್ಟಿ ಬೆಳೆದದ್ದು ಗೋವಾದಲ್ಲಿ, ಆಡುವುದು ಫುಟ್‌ಬಾಲ್. ಆ ಹುಡುಗರದ್ದೊಂದು ತಂಡವನ್ನು ಸಂಘ ಸಾಕುತ್ತಿದೆ. ನನ್ನ ಮಗನೂ ಅದರಲ್ಲಿ ಎಡಗಡೆಯ ರಕ್ಷಣೆಗೆ ನಿಲ್ಲುತ್ತಾನೆ. ಅವನಿಗೆ ಡಾರ್ಟ್‌ಮುಂಡ್ ಎಂದರೆ ಪ್ರಾಣ. ಹಾಲಂಡ್, ಸಾಂಚೊ, ಬೆಲ್ಲಿಂಗ್‌ಹ್ಯಾಮ್ ಎನ್ನುತ್ತ ಅವನು ಆ ಕ್ಲಬ್ಬಿಗೆ ಅಂಟಿಕೊಂಡ. ನಾನು ಅಂಟಿಕೊಂಡದ್ದು ಬೇರೆ ದಾರಿಯಿಂದ. ಷೇರುಪೇಟೆಗೆ ಇಳಿದ ಮೊದಲ ಜರ್ಮನ್ ಫುಟ್‌ಬಾಲ್ ಕ್ಲಬ್ ಅದು. ಆದ್ದರಿಂದ ಅದರ ವಾರ್ಷಿಕ ವರದಿ ಇಂಗ್ಲಿಷಿನಲ್ಲಿಯೂ ಎಲ್ಲರಿಗೂ ಸಿಗುತ್ತದೆ. ಮಗ ಪಂದ್ಯ ನೋಡುತ್ತಿದ್ದರೆ ನಾನು ಪಕ್ಕದಲ್ಲಿ ಕುಳಿತು ಆ ವರದಿಯ ಅಢಾವೆ ಪತ್ರಿಕೆಯನ್ನು ಓದುತ್ತಿದ್ದೆ. ಆಟಗಾರರೂ ಆ ಪತ್ರಿಕೆಯಲ್ಲಿ ಆಸ್ತಿಯ ಕಡೆ ಬರುತ್ತಾರೆ. ಕೊಂಡ ಬೆಲೆಯನ್ನು ಒಪ್ಪಂದದ ವರ್ಷಗಳಿಗೆ ಹಂಚಿ, ವರ್ಷವರ್ಷವೂ ಸವಕಳಿ ತೆಗೆಯುತ್ತಾರೆ. ನಮ್ಮ ಕಚೇರಿಯಲ್ಲಿ ಕಂಪ್ಯೂಟರಿಗೂ ಜೀಪಿಗೂ ತೆಗೆಯುವ ಹಾಗೆಯೇ. ಅಕಾಡೆಮಿಯಲ್ಲಿ ಬೆಳೆದ ಹುಡುಗನನ್ನು ಯಾರಿಂದಲೂ ಕೊಂಡಿರುವುದಿಲ್ಲವಾದ್ದರಿಂದ ಅವನ ಹೆಸರಿನಲ್ಲಿ ಕೊಳ್ಳುವ ಬೆಲೆಯೇ ಇರುವುದಿಲ್ಲ. ಅವನು ಮಾರಾಟವಾದ ದಿನ ಬಂದ ಹಣವೆಲ್ಲ ಹೆಚ್ಚುಕಡಿಮೆ ಲಾಭವೇ. ಇದು ಗೊತ್ತಾದ ಮೇಲೆ ನನಗೆ ಆ ಆಟ ಬೇರೆಯೇ ಆಗಿ ಕಾಣತೊಡಗಿತು.

ವಾಟ್ಸ್ಕೆ ಹುಟ್ಟಿದ್ದು 1959ರಲ್ಲಿ, ಜರ್ಮನಿಯ ಸೌರ್‌ಲ್ಯಾಂಡ್ ಎಂಬ ಗುಡ್ಡಗಾಡು ಸೀಮೆಯ ಮಾರ್ಸ್‌ಬರ್ಗಿನಲ್ಲಿ. ಪಾಡರ್‌ಬಾರ್ನಿನಲ್ಲಿ ವಾಣಿಜ್ಯ ಓದಿದರು. ಎರ್ಲಿಂಗ್‌ಹೌಸನ್ ಎಂಬ ತಮ್ಮ ಹಳ್ಳಿಯ ಪುಟ್ಟ ಕ್ಲಬ್ಬಿನಲ್ಲಿ ಆಡಿದರು, ಮುಂದೆ ಅದರ ಅಧ್ಯಕ್ಷರೂ ಆದರು. 1990ರಲ್ಲಿ ವಾಟೆಕ್ಸ್ ಎಂಬ ಸ್ವಂತ ಕಂಪನಿ ಕಟ್ಟಿದರು. ಅಗ್ನಿಶಾಮಕ ದಳದವರು ತೊಡುವಂಥ ರಕ್ಷಣಾ ಉಡುಪು ಹೊಲಿದು ಮಾರುವ ಕಂಪನಿ ಅದು. ವೃತ್ತಿಪರ ಫುಟ್‌ಬಾಲ್ ಆಡಿದವರಲ್ಲ, ತರಬೇತುದಾರರಲ್ಲ. ಜರ್ಮನಿಯ ಇನ್ನೊಂದು ದೊಡ್ಡ ಕ್ಲಬ್ಬಾದ ಬಯರ್ನ್ ಮ್ಯೂನಿಕ್‌ನ ಉಲಿ ಹೊನೆಸ್ ವಿಶ್ವಕಪ್ ಗೆದ್ದು ಬಂದು ಕಚೇರಿಯ ಕುರ್ಚಿಯಲ್ಲಿ ಕುಳಿತವರು. ವಾಟ್ಸ್ಕೆ ಬಟ್ಟೆ ವ್ಯಾಪಾರದಿಂದ ಬಂದವರು. ಸಂಬಳದ ದಿನ ತಿಜೋರಿಯಲ್ಲಿ ಹಣ ಇರಬೇಕು ಎಂಬುದು ವ್ಯಾಪಾರ ಮಾಡಿದವನಿಗೆ ಮೈಗೂಡಿರುತ್ತದೆ. ಅವರ ಮುಂದಿನ ಇಡೀ ಬದುಕಿನಲ್ಲಿ ಕೆಲಸಕ್ಕೆ ಬಂದದ್ದು ಅದೇ ಎಂದು ನನ್ನ ಭಾವನೆ.

2001ರಲ್ಲಿ ಅವರು ಡಾರ್ಟ್‌ಮುಂಡಿನ ಖಜಾಂಚಿಯಾಗಿ ಆಯ್ಕೆಯಾದರು. ಇಲ್ಲಿ ಒಂದು ಸೂಕ್ಷ್ಮವನ್ನು ತಿಳಿದುಕೊಳ್ಳಬೇಕು. ಕ್ಲಬ್ಬು ಎರಡು ಭಾಗವಾಗಿತ್ತು. ಸದಸ್ಯರು ಚಂದಾ ಕೊಟ್ಟು ಸೇರುವ ಸಂಘ ಒಂದು. ವೃತ್ತಿಪರ ತಂಡವನ್ನು ನಡೆಸುವ, ಷೇರುಪೇಟೆಯಲ್ಲಿರುವ ಕಂಪನಿ ಇನ್ನೊಂದು. ವಾಟ್ಸ್ಕೆ ಖಜಾಂಚಿಯಾದದ್ದು ಸಂಘಕ್ಕೆ. ಕೋಟಿಗಟ್ಟಲೆ ಹಣ ಹರಿಯುತ್ತಿದ್ದುದು ಕಂಪನಿಯಲ್ಲಿ. ಅಲ್ಲಿ ಗೆರ್ಡ್ ನೀಬೌಮ್ ಮತ್ತು ಮಿಖಾಯೆಲ್ ಮೈಯರ್ ಅವರದ್ದೇ ಕಾರುಬಾರು.

ಆ ಇಬ್ಬರನ್ನು ಬರೀ ಖಳರಂತೆ ತೋರಿಸುವುದು ನನಗೆ ಒಪ್ಪಿಗೆಯಿಲ್ಲ. 1995, 1996ರ ಲೀಗ್ ಪ್ರಶಸ್ತಿಗಳು, 1997ರಲ್ಲಿ ಯುವೆಂಟಸ್ ತಂಡವನ್ನು 3-1ರಿಂದ ಸೋಲಿಸಿ ಗೆದ್ದ, ಯುರೋಪಿನ ಕ್ಲಬ್ಬುಗಳ ಅತಿ ದೊಡ್ಡ ಪಂದ್ಯಾವಳಿಯಾದ ಚಾಂಪಿಯನ್ಸ್ ಲೀಗ್ ಅವರ ಕಾಲದವೇ. ಆದರೆ ಗೆಲುವಿನ ರುಚಿ ಹತ್ತಿದ ಮೇಲೆ ಖರ್ಚಿಗೆ ಕಡಿವಾಣ ಬೀಳಲಿಲ್ಲ. 2000ದ ಅಕ್ಟೋಬರಿನಲ್ಲಿ ಷೇರನ್ನು ತಲಾ 11 ಯೂರೋಗೆ ಮಾರಿ ದೊಡ್ಡ ಮೊತ್ತ ಎತ್ತಿದರು. ಮರುವರ್ಷ ಬ್ರೆಜಿಲಿನ ಮಾರ್ಸಿಯೊ ಅಮೊರೊಸೊ ಒಬ್ಬನಿಗೇ ಸುಮಾರು 2.5 ಕೋಟಿ ಯೂರೋ ಕೊಟ್ಟರು. 2002ರಲ್ಲಿ ಲೀಗ್ ಗೆದ್ದರು, ನಿಜ. ಅದೇ ವರ್ಷ ತಮ್ಮ ಕ್ರೀಡಾಂಗಣವನ್ನೇ ಮೋಲ್ಸಿರಿಸ್ ಎಂಬ ಹೂಡಿಕೆ ನಿಧಿಗೆ ಮಾರಿ, ಅದರಲ್ಲಿಯೇ ಬಾಡಿಗೆಗೆ ಕುಳಿತರು. ಮನೆ ಮಾರಿ ಅದೇ ಮನೆಗೆ ಬಾಡಿಗೆ ಕೊಡುವ ಸಂಸಾರದ ಗತಿ ಏನಾಗುತ್ತದೆಂದು ನಮ್ಮೂರಿನ ಯಾವ ಅಜ್ಜಿಯನ್ನು ಕೇಳಿದರೂ ಹೇಳುತ್ತಾಳೆ. ಬರುವ ವರ್ಷವೂ ಚಾಂಪಿಯನ್ಸ್ ಲೀಗಿನ ಹಣ ಬಂದೇ ಬರುತ್ತದೆ ಎಂದು ನಂಬಿ ಬಜೆಟ್ ಹಾಕಿಕೊಂಡಿದ್ದರು. 2003ರ ಆಗಸ್ಟಿನಲ್ಲಿ ಅರ್ಹತಾ ಸುತ್ತಿನಲ್ಲಿಯೇ ಬೆಲ್ಜಿಯಮ್ಮಿನ ಬ್ರೂಜ್ ತಂಡ ಪೆನಾಲ್ಟಿಗಳಲ್ಲಿ ಸೋಲಿಸಿತು. ಬರಬೇಕಾದ ಹಣ ಬರಲಿಲ್ಲ, ಕೊಡಬೇಕಾದದ್ದು ಮಾತ್ರ ಹಾಗೆಯೇ ನಿಂತಿತ್ತು.

2004ರಲ್ಲಿ ಬಯರ್ನ್ ಮ್ಯೂನಿಕ್ ಯಾವ ಅಡಮಾನವೂ ಇಲ್ಲದೆ ಡಾರ್ಟ್‌ಮುಂಡಿಗೆ 20 ಲಕ್ಷ ಯೂರೋ ಕೈಗಡ ಕೊಟ್ಟಿತು. ಈ ಸಂಗತಿ ಹೊರಗೆ ಬಂದದ್ದು 2012ರಲ್ಲಿ, ಹೊನೆಸ್ ಅವರ ಬಾಯಿಂದ. ಬಯರ್ನ್ ಅಭಿಮಾನಿಗಳು ಅಂದಿನಿಂದ ಡಾರ್ಟ್‌ಮುಂಡನ್ನು ಬದುಕಿಸಿದ್ದು ನಾವೇ ಎನ್ನುತ್ತಾರೆ. ನನ್ನ ಮಗನ ಶಾಲೆಯಲ್ಲಿಯೂ ಇದೇ ಜಗಳ. ಅವನಿಗೆ ನಾನು ಹೇಳಿಕೊಟ್ಟ ಉತ್ತರ ಲೆಕ್ಕದ್ದು: ಕ್ಲಬ್ಬಿನ ತಲೆಯ ಮೇಲಿದ್ದ ಸಾಲ 10 ಕೋಟಿ ಯೂರೋ ದಾಟಿತ್ತು. 20 ಲಕ್ಷ ಎಂದರೆ ಅದರಲ್ಲಿ ನೂರಕ್ಕೆ ಎರಡು ಪಾಲೂ ಇಲ್ಲ. ಕಷ್ಟಕಾಲದಲ್ಲಿ ಕೊಟ್ಟವರಿಗೆ ಕೃತಜ್ಞತೆ ಹೇಳಲೇಬೇಕು. ಕ್ಲಬ್ಬು ಉಳಿದದ್ದು ಮಾತ್ರ ಬೇರೆ ಕಡೆ, ಬೇರೆಯವರ ಕೈಯಿಂದ.

ಆ ಕಡೆ ಯಾವುದೆಂದರೆ ಡ್ಯುಸೆಲ್‌ಡಾರ್ಫ್ ವಿಮಾನ ನಿಲ್ದಾಣದ ಸಭಾಂಗಣ. ದಿನ 2005ರ ಮಾರ್ಚ್ 14.

ನೀಬೌಮ್ 2004ರ ನವೆಂಬರಿನಲ್ಲಿ ಸಂಘದ ಅಧ್ಯಕ್ಷಗಿರಿ ಬಿಟ್ಟಿದ್ದರು. ವಕೀಲರಾದ ರೈನ್‌ಹಾರ್ಡ್ ರೌಬಾಲ್ ಆ ಜಾಗಕ್ಕೆ ಬಂದರು. ಫೆಬ್ರವರಿಯಲ್ಲಿ ನೀಬೌಮ್ ಕಂಪನಿಯಿಂದಲೂ ಹೊರಬಿದ್ದರು, ಖಜಾಂಚಿ ವಾಟ್ಸ್ಕೆ ಕಂಪನಿಯ ಹೊಣೆ ಹೊತ್ತರು. ಆಗ ಅವರಿಗೆ 45 ವರ್ಷ. ಸ್ವಂತ ಕಂಪನಿ ಚೆನ್ನಾಗಿ ನಡೆಯುತ್ತಿದೆ, ಯಾರೂ ಇವರನ್ನು ಬಲವಂತ ಮಾಡುವಂತಿರಲಿಲ್ಲ. ಮುಳುಗುತ್ತಿರುವ ಹಡಗಿನ ಕ್ಯಾಪ್ಟನ್ ಆಗಲು ಒಪ್ಪಿಕೊಳ್ಳುವುದು ಎಂಥ ಮಾತು ಎಂದು ಬಂದರಿನ ಊರಿನಲ್ಲಿರುವ ನನಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಕ್ರೀಡಾಂಗಣವನ್ನು ಕೊಂಡಿದ್ದ ಮೋಲ್ಸಿರಿಸ್ ನಿಧಿಯಲ್ಲಿ ಹಣ ಹಾಕಿದ್ದವರು ಸಾವಿರಾರು ಮಂದಿ ಸಾಮಾನ್ಯ ಹೂಡಿಕೆದಾರರು. ಎಷ್ಟೋ ಜನರಿಗೆ ಫುಟ್‌ಬಾಲ್ ಜೊತೆ ಯಾವ ನಂಟೂ ಇರಲಿಲ್ಲ. ದುಡ್ಡು ಹಾಕಿದರೆ ವರ್ಷಾವರ್ಷ ಬಾಡಿಗೆ ಬರುತ್ತದೆ ಎಂದು ನಂಬಿ ಹಾಕಿದವರು. ಈಗ ಅವರ ಮುಂದೆ ನಿಂತು, ನಿಮ್ಮ ಬಾಡಿಗೆಯನ್ನು ಸದ್ಯಕ್ಕೆ ಮುಂದೂಡಿ ಎಂದು ಕೇಳಬೇಕಾಗಿತ್ತು. ಅವರು ಒಲ್ಲೆ ಎಂದಿದ್ದರೆ ದಿವಾಳಿ ಅರ್ಜಿ ಹಾಕುವುದೊಂದೇ ದಾರಿ. ದಿವಾಳಿಯಾದರೆ ಆಡುವ ಪರವಾನಗಿ ಹೋಗುತ್ತದೆ. 1909ರಲ್ಲಿ ಹುಟ್ಟಿದ ಕ್ಲಬ್ಬು ಕೆಳಗಿನ ಹವ್ಯಾಸಿ ದರ್ಜೆಗಳಲ್ಲಿ ಮೊದಲಿನಿಂದ ಶುರುಮಾಡಬೇಕಾಗುತ್ತಿತ್ತು. ಹೊರಗೆ ಅಭಿಮಾನಿಗಳು, ಒಳಗೆ ಕಾಗದ ಪತ್ರ ಹಿಡಿದು ಕುಳಿತ ಹೂಡಿಕೆದಾರರು. ವಾಟ್ಸ್ಕೆ ಕ್ಲಬ್ಬಿನ ನಿಜಸ್ಥಿತಿಯನ್ನು ಅವರ ಮುಂದೆ ಬಿಚ್ಚಿಟ್ಟರು. ಗಂಟೆಗಟ್ಟಲೆ ಚರ್ಚೆ ನಡೆಯಿತು. ಮತ ಎಣಿಸಿದಾಗ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿ ಒಪ್ಪಿದ್ದರು.

ಸಾಲ ಕೊಟ್ಟವನ ಮುಂದೆ ಹೋಗಿ ನಿಲ್ಲುವುದು ಏನೆಂದು ನನ್ನ ವೃತ್ತಿಯವರಿಗೆ ಗೊತ್ತು. ಬಂಕರ್ ಎಣ್ಣೆ ಹಾಕಿದವರು, ಟಗ್ ಬೋಟಿನವರು, ಕಿರಾಣಿ ಪೂರೈಸಿದವರು ಬಿಲ್ಲು ಹಿಡಿದು ಕಚೇರಿಗೆ ಬಂದು ಕೂರುತ್ತಾರೆ. ಹಡಗಿನ ಮಾಲೀಕರಿಂದ ಹಣ ಬಂದಿರುವುದಿಲ್ಲ. ಆಗ ನಾಳೆ ಕೊಡುತ್ತೇವೆ ಎಂದು ಸುಳ್ಳು ಹೇಳಿ ಕಳಿಸುವುದು ಸುಲಭ. ನಿಜವಾಗಿ ಎಷ್ಟಿದೆ, ಯಾವಾಗ ಎಷ್ಟು ಕೊಡಬಲ್ಲೆವು ಎಂದು ಕಾಗದದ ಮೇಲೆ ಬರೆದು ತೋರಿಸುವುದು ಕಷ್ಟ. ನನ್ನ ಅನುಭವದಲ್ಲಿ, ಬರೆದು ತೋರಿಸಿದಾಗ ಸಿಟ್ಟಾದವರೂ ಕೊನೆಗೆ ಕಾಯಲು ಒಪ್ಪುತ್ತಾರೆ. ಸುಳ್ಳು ಕೇಳಿ ಹೋದವರು ಮುಂದಿನ ಸಲ ಉದ್ರಿ ಕೊಡುವುದಿಲ್ಲ. ಡ್ಯುಸೆಲ್‌ಡಾರ್ಫಿನಲ್ಲಿ ನಡೆದದ್ದು ಇದೇ ಕೆಲಸ, ಮೊತ್ತ ದೊಡ್ಡದಿತ್ತು ಅಷ್ಟೇ. ವಾಟ್ಸ್ಕೆ ಅವರ ವೃತ್ತಿಜೀವನದಲ್ಲಿ ನಾನು ಅತ್ಯಂತ ಎತ್ತರದಲ್ಲಿಡುವುದು ಆ ಒಂದು ದಿನವನ್ನು. ಆಮೇಲೆ ಗೆದ್ದ ಕಪ್ಪುಗಳೆಲ್ಲ ಅದರ ನಂತರ.

ಮುಂದಿನ ಮೂರು ವರ್ಷ ಹಾಸಿಗೆ ಇದ್ದಷ್ಟೇ ಕಾಲು ಚಾಚಿದರು. ಕ್ರೀಡಾಂಗಣದ ಹೆಸರನ್ನು ಒಂದು ವಿಮಾ ಸಂಸ್ಥೆಗೆ ಕೊಟ್ಟರು. ಅಭಿಮಾನಿಗಳಿಗೆ ನೋವಾಯಿತು, ಆದರೆ ಹಣ ಬಂತು. 2006ರಲ್ಲಿ ಮಾರ್ಗನ್ ಸ್ಟ್ಯಾನ್ಲಿ ಬ್ಯಾಂಕಿನಿಂದ ಸುಮಾರು 7.9 ಕೋಟಿ ಯೂರೋ ಸಾಲ ತೆಗೆದು ಕ್ರೀಡಾಂಗಣವನ್ನು ಮರಳಿ ಕ್ಲಬ್ಬಿನ ವಶಕ್ಕೆ ತಂದರು. ಸಾಲ ತೀರಿಸಲು ಸಾಲ ಮಾಡಿದರಲ್ಲ ಎಂದು ಕೇಳಬಹುದು. ಆದರೆ ಬಾಡಿಗೆ ಎಂದೂ ಮುಗಿಯುವುದಿಲ್ಲ, ಕಂತು ಮುಗಿಯುತ್ತದೆ. ಆಟದ ವಿಭಾಗವನ್ನು ನೋಡಿಕೊಂಡವರು ಮಿಖಾಯೆಲ್ ಝೋರ್ಕ್. ಡಾರ್ಟ್‌ಮುಂಡಿನಲ್ಲಿಯೇ ಹುಟ್ಟಿ, ಆ ಕ್ಲಬ್ಬಿಗಾಗಿ 463 ಲೀಗ್ ಪಂದ್ಯ ಆಡಿದವರು. ಇಬ್ಬರ ಜೋಡಿ 2022ರವರೆಗೂ ನಡೆಯಿತು. ಒಬ್ಬರಿಗೆ ಆಟಗಾರನ ಕಾಲು ಕಾಣುತ್ತಿತ್ತು, ಇನ್ನೊಬ್ಬರಿಗೆ ಅವನ ಬೆಲೆ.

2007-08ರಲ್ಲಿ ತಂಡ ಹದಿಮೂರನೆಯ ಸ್ಥಾನಕ್ಕೆ ಇಳಿದಾಗ ಮೈಂಝ್ ಕ್ಲಬ್ಬಿನಿಂದ ತರಬೇತುದಾರ ಯುರ್ಗನ್ ಕ್ಲಾಪ್ ಅವರನ್ನು ಕರೆತಂದರು. ಅಲ್ಲಿಂದ ಮುಂದಿನದು ಎಲ್ಲರಿಗೂ ಗೊತ್ತಿರುವ ಕಥೆ. 2011 ಮತ್ತು 2012ರ ಲೀಗ್ ಪ್ರಶಸ್ತಿ, 2012ರ ಕಪ್ ಫೈನಲಿನಲ್ಲಿ ಬಯರ್ನ್ ವಿರುದ್ಧ 5-2, 2013ರಲ್ಲಿ ವೆಂಬ್ಲಿಯ ಚಾಂಪಿಯನ್ಸ್ ಲೀಗ್ ಫೈನಲ್. ನನಗೆ ಮೆಚ್ಚುಗೆಯಾಗುವುದು ಆ ತಂಡದ ಖರೀದಿ ಚೀಟಿ. ಜಪಾನಿನ ಶಿಂಜಿ ಕಗಾವ ಬಂದದ್ದು ಕೇವಲ 3.5 ಲಕ್ಷ ಯೂರೋಗೆ. ಲೆವಾಂಡೊಸ್ಕಿಗೆ ಕೊಟ್ಟದ್ದು 50 ಲಕ್ಷದ ಆಸುಪಾಸು. ಮಾರಿಯೊ ಗೋಟ್ಸೆ ಮನೆಯಲ್ಲಿಯೇ ಬೆಳೆದ ಹುಡುಗ, 2013ರಲ್ಲಿ 3.7 ಕೋಟಿಗೆ ಬಯರ್ನ್ ಸೇರಿದ. ಹಿಂದಿನವರು 2.5 ಕೋಟಿಗೆ ಒಬ್ಬನನ್ನು ತಂದಿದ್ದ ಜಾಗದಲ್ಲಿಯೇ ಇದು ನಡೆದದ್ದು.

ಆಮೇಲೆ ಬೆಳೆದದ್ದು ಆಟಗಾರರನ್ನು ಚಿಕ್ಕವರಿದ್ದಾಗ ಕೊಂಡು ದೊಡ್ಡ ಬೆಲೆಗೆ ಮಾರುವ ಪದ್ಧತಿ. ದೆಂಬೆಲೆ 1.5 ಕೋಟಿಗೆ ಬಂದು ಒಂದೇ ವರ್ಷದಲ್ಲಿ 10.5 ಕೋಟಿಗೆ ಬಾರ್ಸಿಲೋನಾ ಸೇರಿದ. ಸಾಂಚೊ 8.5 ಕೋಟಿಗೆ ಮ್ಯಾಂಚೆಸ್ಟರಿಗೆ, ಬೆಲ್ಲಿಂಗ್‌ಹ್ಯಾಮ್ 10.3 ಕೋಟಿಗೆ ರಿಯಲ್ ಮ್ಯಾಡ್ರಿಡ್‌ಗೆ. ಇದರ ಬಗ್ಗೆ ನಮ್ಮ ಮನೆಯಲ್ಲಿ ಇಂದಿಗೂ ವಾದ ನಿಂತಿಲ್ಲ. "ಅಮ್ಮಾ, ಎಲ್ಲರನ್ನೂ ಮಾರಿಬಿಟ್ಟರೆ ಕಪ್ಪು ಗೆಲ್ಲುವವರು ಯಾರು?" ಎಂದು ಮಗ ಕೇಳುತ್ತಾನೆ. 2023ರ ಮೇ 27ರಂದು ಮೈಂಝ್ ವಿರುದ್ಧ ಗೆದ್ದಿದ್ದರೆ ಲೀಗ್ ಡಾರ್ಟ್‌ಮುಂಡಿನದಾಗುತ್ತಿತ್ತು. ಪಂದ್ಯ 2-2ರಲ್ಲಿ ಮುಗಿಯಿತು. ಅತ್ತ ಕೊಲೋನಿನಲ್ಲಿ 89ನೆಯ ನಿಮಿಷದಲ್ಲಿ ಮುಸಿಯಾಲಾ ಹೊಡೆದ ಗೋಲಿನಿಂದ ಬಯರ್ನ್ ಪ್ರಶಸ್ತಿ ಎತ್ತಿಕೊಂಡಿತು. ಆ ರಾತ್ರಿ ಮಗ ಊಟ ಮಾಡಲಿಲ್ಲ. ಅವನ ತಂದೆ ಎಷ್ಟು ಸಮಾಧಾನ ಹೇಳಿದರೂ ಕೇಳಲಿಲ್ಲ. ಅವನ ಪ್ರಶ್ನೆಯಲ್ಲಿ ಹುರುಳಿದೆ ಎಂದು ನಾನು ಒಪ್ಪುತ್ತೇನೆ. 2012ರ ನಂತರ ವಾಟ್ಸ್ಕೆ ಕಾಲದಲ್ಲಿ ಮತ್ತೆ ಲೀಗ್ ಪ್ರಶಸ್ತಿ ಬರಲೇ ಇಲ್ಲ. ಆದರೂ ಪ್ರಶಸ್ತಿಗಾಗಿ ಕ್ರೀಡಾಂಗಣ ಮಾರಿದವರ ಪಕ್ಕದಲ್ಲಿ ಇವರನ್ನು ನಿಲ್ಲಿಸಿ ನೋಡಿದಾಗ ನಾನು ಇವರ ಕಡೆಗೇ ಇರುತ್ತೇನೆ.

ಗೋವಾದಲ್ಲಿ ಕುಳಿತು ಈ ಕ್ಲಬ್ಬಿನ ಬಗ್ಗೆ ಇಷ್ಟೊಂದು ಯೋಚಿಸಲು ಕಾರಣವಿದೆ. ನಾನು ಇಲ್ಲಿಗೆ ಬಂದ ಕಾಲಕ್ಕೆ ದೇಶದ ಫುಟ್‌ಬಾಲ್ ಎಂದರೆ ಒಂದು ಕೊಲ್ಕತ್ತಾ, ಇನ್ನೊಂದು ಗೋವಾ. ಡೆಂಪೊ ಐದು ಸಲ ರಾಷ್ಟ್ರೀಯ ಪ್ರಶಸ್ತಿ ಗೆದ್ದ ಕ್ಲಬ್. ಚರ್ಚಿಲ್ ಬ್ರದರ್ಸ್ 2009 ಮತ್ತು 2013ರಲ್ಲಿ, ಆಗ ದೇಶದ ಮೊದಲ ದರ್ಜೆಯದಾಗಿದ್ದ ಐ-ಲೀಗ್ ಗೆದ್ದಿತು, ನಮ್ಮ ವಾಸ್ಕೊದ ಸಾಲ್ಗಾಂವ್ಕರ್ 2011ರಲ್ಲಿ ಗೆದ್ದಿತು. ತಿಲಕ್ ಮೈದಾನದಲ್ಲಿ ಪಂದ್ಯವಿದ್ದರೆ ಸಂಜೆ ಆ ಬೀದಿಯಲ್ಲಿ ನಡೆಯಲು ಜಾಗವಿರುತ್ತಿರಲಿಲ್ಲ. 2016ರಲ್ಲಿ ಸಾಲ್ಗಾಂವ್ಕರ್, ಸ್ಪೋರ್ಟಿಂಗ್, ಡೆಂಪೊ ಮೂರೂ ಐ-ಲೀಗಿನಿಂದ ಹಿಂದೆ ಸರಿದವು. ಐ-ಲೀಗನ್ನು ಎರಡನೆಯ ದರ್ಜೆಗೆ ಇಳಿಸುವ ಫೆಡರೇಷನ್ ಯೋಜನೆಗೆ ಅವು ಪ್ರತಿಭಟಿಸಿದವು. ಅವರ ಕಾರಣ ಸರಿಯೋ ತಪ್ಪೋ ಎಂಬ ಚರ್ಚೆಗೆ ನಾನು ಇಳಿಯುವುದಿಲ್ಲ. ದಶಕಗಳ ಕಾಲ ಕೈಯಿಂದ ಹಣ ಹಾಕಿ ಗೋವಾದ ಫುಟ್‌ಬಾಲನ್ನು ಕಟ್ಟಿದ ಮನೆತನಗಳು ಅವು, ಅವುಗಳ ಋಣ ನಮ್ಮ ಮೇಲಿದೆ. ನನಗೆ ಕೊರೆಯುವುದು ಒಂದೇ: ನಿರ್ಧಾರ ಆಗುವಾಗ ಮೈದಾನ ತುಂಬಿಸುತ್ತಿದ್ದ ಜನರನ್ನು ಕೇಳುವ ವ್ಯವಸ್ಥೆಯೇ ಇರಲಿಲ್ಲ. ಅವರು ನೋಡುಗರು, ಅಷ್ಟೇ.

ಡಾರ್ಟ್‌ಮುಂಡಿನಲ್ಲಿ ಆ ವ್ಯವಸ್ಥೆ ಕಾಗದದ ಮೇಲೆ ಇದೆ. ಜರ್ಮನ್ ಫುಟ್‌ಬಾಲಿನಲ್ಲಿ 1998ರಿಂದ ಒಂದು ನಿಯಮವಿದೆ: ವೃತ್ತಿಪರ ತಂಡ ನಡೆಸುವ ಕಂಪನಿಯಲ್ಲಿ ಅರ್ಧಕ್ಕಿಂತ ಒಂದಾದರೂ ಹೆಚ್ಚು ಮತ ಸದಸ್ಯರ ಸಂಘದ ಕೈಯಲ್ಲಿರಬೇಕು. ಡಾರ್ಟ್‌ಮುಂಡಿನ ಷೇರು ಎಷ್ಟೇ ಕೈ ಬದಲಿಸಲಿ, ಕಂಪನಿಯನ್ನು ನಡೆಸುವ ಅಧಿಕಾರ ಇನ್ನೊಂದು ಪುಟ್ಟ ಸಂಸ್ಥೆಯಲ್ಲಿದೆ. ಆ ಸಂಸ್ಥೆಗೆ ಏಕೈಕ ಮಾಲೀಕ ಸಂಘ. ಆ ಸಂಘದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಸದಸ್ಯರಿದ್ದಾರೆ. ಅಂದರೆ ಪೇಟೆಯಲ್ಲಿರುವ ಷೇರನ್ನೆಲ್ಲ ಒಬ್ಬನೇ ಕೊಂಡರೂ ತಂಡ ಅವನದಾಗುವುದಿಲ್ಲ. ವಾರ್ಷಿಕ ವರದಿಯಲ್ಲಿ ಈ ರಚನೆಯ ಪುಟ ಬಂದಾಗ ನಾನು ಕಾಗದ ತೆಗೆದು ಗೆರೆ ಎಳೆದು ಬಿಡಿಸಿಕೊಂಡೇ ಅರ್ಥ ಮಾಡಿಕೊಂಡೆ. ವಾಟ್ಸ್ಕೆ ತಮ್ಮ ಅವಧಿಯುದ್ದಕ್ಕೂ ಈ ನಿಯಮದ ಪರವಾಗಿ ಗಟ್ಟಿಯಾಗಿ ನಿಂತರು. 2021ರ ಏಪ್ರಿಲಿನಲ್ಲಿ ಯುರೋಪಿನ ಹನ್ನೆರಡು ಶ್ರೀಮಂತ ಕ್ಲಬ್ಬುಗಳು ಸೇರಿ ತಮ್ಮದೇ ಬೇರೆ ಸೂಪರ್ ಲೀಗ್ ಮಾಡುತ್ತೇವೆ ಎಂದಾಗ ಡಾರ್ಟ್‌ಮುಂಡ್ ಮತ್ತು ಬಯರ್ನ್ ಒಲ್ಲೆವು ಎಂದವು. ಯೋಜನೆ ಎರಡೇ ದಿನದಲ್ಲಿ ಕುಸಿಯಿತು. ಅದರ ಹಿಂದಿನ ವರ್ಷ, ಕೊರೊನಾ ಕಾಲದಲ್ಲಿ, ಡಾರ್ಟ್‌ಮುಂಡ್ ಸೇರಿ ನಾಲ್ಕು ಕ್ಲಬ್ಬುಗಳು ಬಡ ಕ್ಲಬ್ಬುಗಳಿಗೆಂದು 2 ಕೋಟಿ ಯೂರೋ ನಿಧಿ ಕೂಡಿಸಿದ್ದವು. ಒಂದು ಕಾಲದಲ್ಲಿ ಕೈಯೊಡ್ಡಿದವರೇ ಕೊಡುವವರ ಸಾಲಿನಲ್ಲಿ ನಿಂತಿದ್ದರು.

2017ರ ಏಪ್ರಿಲ್ 11ರ ಸಂಜೆಯನ್ನು ಹೇಳದೆ ಮುಂದೆ ಹೋಗಲಾರೆ. ಮೊನಾಕೊ ವಿರುದ್ಧದ ಪಂದ್ಯಕ್ಕೆಂದು ತಂಡದ ಬಸ್ಸು ಹೋಟೆಲಿನಿಂದ ಹೊರಟಾಗ ಪೊದೆಯಲ್ಲಿ ಅಡಗಿಸಿಟ್ಟಿದ್ದ ಮೂರು ಬಾಂಬುಗಳು ಸಿಡಿದವು. ಒಳಗೆ ಲೋಹದ ಮೊಳೆಗಳಿದ್ದವು. ಆಟಗಾರ ಮಾರ್ಕ್ ಬಾರ್ತ್ರಾ ಅವರ ಕೈಗೆ ಶಸ್ತ್ರಚಿಕಿತ್ಸೆಯಾಯಿತು. ಎಲ್ಲರೂ ಉಗ್ರರ ಕೆಲಸವೆಂದುಕೊಂಡರು. ಕೊನೆಗೆ ಸಿಕ್ಕಿಬಿದ್ದವನು ಷೇರುಪೇಟೆಯಲ್ಲಿ ಜೂಜಾಡಿದ ಒಬ್ಬ ಮನುಷ್ಯ. ಡಾರ್ಟ್‌ಮುಂಡಿನ ಷೇರು ಬೆಲೆ ಬಿದ್ದರೆ ಲಾಭ ತರುವ ಆಪ್ಷನ್ ಪತ್ರಗಳನ್ನು ಸಾಲದ ಹಣದಲ್ಲಿ ಕೊಂಡು, ಬೆಲೆ ಬೀಳಿಸಲು ಆಟಗಾರರನ್ನೇ ಕೊಲ್ಲಹೊರಟಿದ್ದ. ನ್ಯಾಯಾಲಯ ಅವನಿಗೆ 14 ವರ್ಷ ಶಿಕ್ಷೆ ಕೊಟ್ಟಿತು. ಆ ಸುದ್ದಿ ಓದಿದ ದಿನ ನನಗೆ ಕಚೇರಿಯಲ್ಲಿ ಕೈ ಓಡಲಿಲ್ಲ. ನಾವು ದಿನವೂ ಬರೆಯುವ ಅಂಕಿಗಳ ಇನ್ನೊಂದು ತುದಿಯಲ್ಲಿ ಹುಡುಗರ ಜೀವವಿರುತ್ತದೆ ಎಂದು ಅದಕ್ಕೂ ಮೊದಲು ನಾನು ಯೋಚಿಸಿರಲಿಲ್ಲ.

ಮರುದಿನವೇ ಪಂದ್ಯ ಆಡಿಸಿದರು. ಡಾರ್ಟ್‌ಮುಂಡ್ 2-3ರಿಂದ ಸೋತಿತು. ತಮ್ಮನ್ನು ಕೇಳದೆ ತೀರ್ಮಾನವಾಯಿತೆಂದು ತರಬೇತುದಾರ ಥಾಮಸ್ ಟುಖೆಲ್ ಬಹಿರಂಗವಾಗಿ ಹೇಳಿದರು. ವಾಟ್ಸ್ಕೆ ಅದನ್ನು ಒಪ್ಪಲಿಲ್ಲ. ಮೇ ತಿಂಗಳಲ್ಲಿ ಜರ್ಮನ್ ಕಪ್ ಗೆದ್ದ ಕೆಲವೇ ದಿನಗಳಲ್ಲಿ ಟುಖೆಲ್ ಕ್ಲಬ್ ಬಿಟ್ಟರು. ಯಾರು ಯಾರಿಗೆ ಏನು ಹೇಳಿದ್ದರು ಎಂಬುದು ಅವರ ನಡುವಿನ ವಿಷಯ. ಆದರೆ ಹಿಂದಿನ ದಿನ ಬಾಂಬು ಕಂಡ ಹುಡುಗರನ್ನು ಮರುಸಂಜೆ ಮೈದಾನಕ್ಕೆ ಇಳಿಸಬಾರದಿತ್ತು. ವೇಳಾಪಟ್ಟಿ ಎಷ್ಟೇ ಬಿಗಿಯಾಗಿರಲಿ, ಇಲ್ಲ ಎಂದು ಹೇಳುವ ಎತ್ತರ ಕ್ಲಬ್ಬಿನ ಮುಖ್ಯಸ್ಥರಿಗೆ ಇತ್ತು. ತಾಯಿಯಾಗಿ ನಾನು ಈ ಮಾತನ್ನು ಸಡಿಲಿಸುವುದಿಲ್ಲ.

ಎರಡನೆಯ ಭಿನ್ನಾಭಿಪ್ರಾಯ ರೈನ್‌ಮೆಟಾಲ್ ವಿಷಯದಲ್ಲಿ. 2024ರ ಮೇ ಕೊನೆಯಲ್ಲಿ, ವೆಂಬ್ಲಿಯಲ್ಲಿ ರಿಯಲ್ ಮ್ಯಾಡ್ರಿಡ್ ವಿರುದ್ಧ ಚಾಂಪಿಯನ್ಸ್ ಲೀಗ್ ಫೈನಲ್ ಆಡುವ ಕೆಲವೇ ದಿನ ಮೊದಲು, ಈ ಶಸ್ತ್ರಾಸ್ತ್ರ ತಯಾರಿಕಾ ಕಂಪನಿಯೊಂದಿಗೆ ಮೂರು ವರ್ಷದ ಪ್ರಾಯೋಜಕತ್ವದ ಒಪ್ಪಂದವನ್ನು ಕ್ಲಬ್ ಪ್ರಕಟಿಸಿತು. ಯುರೋಪಿನಲ್ಲಿ ಯುದ್ಧ ನಡೆಯುತ್ತಿರುವಾಗ ರಕ್ಷಣೆಯ ಬಗ್ಗೆ ಮುಚ್ಚುಮರೆಯಿಲ್ಲದೆ ಮಾತಾಡಬೇಕು ಎಂಬುದು ವಾಟ್ಸ್ಕೆ ಅವರ ಸಮರ್ಥನೆ. ಅಭಿಮಾನಿಗಳಲ್ಲಿ ಅನೇಕರು ವಿರೋಧಿಸಿದರು. ನಾನೂ ವಿರೋಧಿಸುವವರ ಸಾಲಿನಲ್ಲಿದ್ದೇನೆ, ಏಕೆಂದರೆ ಇಂಥದೇ ಪ್ರಶ್ನೆ ನಮ್ಮ ಸಂಘದ ಮುಂದೆಯೂ ಬಂದಿತ್ತು. ಹುಡುಗರ ಅಂಗಿಯ ಮೇಲೆ ಹೆಸರು ಹಾಕಿದರೆ ಇಡೀ ಪಂದ್ಯಾವಳಿಯ ಖರ್ಚು ಕೊಡುತ್ತೇವೆ ಎಂದು ಒಂದು ಕ್ಯಾಸಿನೊ ಕಡೆಯವರು ಹೇಳಿಕಳಿಸಿದ್ದರು. ಚೆಂಡು, ರೆಫರಿಯ ಭತ್ಯೆ, ಮೈದಾನದ ಬಾಡಿಗೆ, ಆಂಬುಲೆನ್ಸ್, ಆಟ ಮುಗಿದ ಮೇಲೆ ಹುಡುಗರಿಗೆ ಗಿರಮಿಟ್ಟು, ಮಿರ್ಚಿ, ಚಹಾ. ಎಲ್ಲ ವೋಚರುಗಳೂ ಬರೆಯುವ ಮೊದಲೇ ತೀರಿಹೋಗುತ್ತಿದ್ದವು. ಸಂಘದ ಹಿರಿಯರೊಬ್ಬರು, "ನೋಡವ್ವಾ, ಖಜಾಂಚಿ ನೀನು, ನಿನಗೆ ತಿಳಿದಂತೆ ಮಾಡು" ಎಂದರು. ನಾನು ಸರ್ವಸದಸ್ಯರ ಸಭೆ ಕರೆಯಿರಿ ಎಂದೆ. ಸಭೆಯಲ್ಲಿ ಕೈ ಎತ್ತಿಸಿದಾಗ ಬೇಡ ಎಂದವರೇ ಹೆಚ್ಚು, ಅದರಲ್ಲಿಯೂ ಹುಡುಗರ ತಾಯಂದಿರು. ಅಂಗಡಿ ಅಂಗಡಿಗೆ ಹೋಗಿ ದೇಣಿಗೆ ಎತ್ತಿದೆವು. ಸಣ್ಣ ಸಂಘಕ್ಕೆ ಇದು ಸಾಧ್ಯ, ಕೋಟಿಗಳ ಕ್ಲಬ್ಬಿಗೆ ಕಷ್ಟ ಎಂಬುದು ನನಗೆ ಗೊತ್ತಿದೆ. ಆದರೆ ಅಂಗಿಗಾಗಲಿ ಮೈದಾನಕ್ಕಾಗಲಿ ಯಾರ ಹೆಸರು ಬರಬೇಕು ಎಂಬುದನ್ನು ಸದಸ್ಯರ ಮುಂದೆ ಮೊದಲೇ ಇಟ್ಟು ಕೇಳುವುದಕ್ಕೆ ಕೋಟಿ ಅಡ್ಡ ಬರುವುದಿಲ್ಲ.

ಇದೇ ಪಾಠ ಲೀಗ್ ಮಟ್ಟದಲ್ಲಿಯೂ ನಡೆಯಿತು. 2022ರಿಂದ ವಾಟ್ಸ್ಕೆ ಜರ್ಮನ್ ಲೀಗ್ ಸಂಸ್ಥೆಯ ಮೇಲ್ವಿಚಾರಣಾ ಮಂಡಳಿಯ ಮುಖ್ಯಸ್ಥರಾಗಿದ್ದರು. ಪ್ರಸಾರ ಆದಾಯದಲ್ಲಿ ಒಂದು ಪಾಲನ್ನು ಖಾಸಗಿ ಹೂಡಿಕೆದಾರರಿಗೆ ಕೊಟ್ಟು ದೊಡ್ಡ ಮೊತ್ತ ತರುವ ಯೋಜನೆಗೆ ಅವರ ಬೆಂಬಲವಿತ್ತು. ಅಭಿಮಾನಿಗಳು ಒಪ್ಪಲಿಲ್ಲ. ವಾರವಾರವೂ ಮೈದಾನಕ್ಕೆ ಟೆನ್ನಿಸ್ ಚೆಂಡುಗಳನ್ನು ಎಸೆದು ಪಂದ್ಯ ನಿಲ್ಲಿಸಿದರು. 2024ರ ಫೆಬ್ರವರಿಯಲ್ಲಿ ಮಾತುಕತೆ ಕೈಬಿಡಬೇಕಾಯಿತು. ಸೋತಾಗ ಅವರು ಹಟ ಹಿಡಿಯಲಿಲ್ಲ ಎಂಬುದನ್ನೂ ಹೇಳಬೇಕು.

2024ರ ಮೇ ತಿಂಗಳಲ್ಲಿ ಆಟದ ವಿಭಾಗದ ಹೊಣೆ ಲಾರ್ಸ್ ರಿಕೆನ್ ಕೈಗೆ ಹೋಯಿತು. 1997ರ ಫೈನಲಿನಲ್ಲಿ ಬದಲಿ ಆಟಗಾರನಾಗಿ ಬಂದು ಮೊದಲ ಸ್ಪರ್ಶಕ್ಕೇ ಗೋಲು ಹೊಡೆದಿದ್ದ ಅದೇ ರಿಕೆನ್. 2025ರಲ್ಲಿ ವಾಟ್ಸ್ಕೆ ಕಂಪನಿಯ ಮುಖ್ಯಸ್ಥನ ಕುರ್ಚಿ ಬಿಟ್ಟರು. ವ್ಯವಹಾರದ ಚುಕ್ಕಾಣಿ ಕಾರ್ಸ್ಟನ್ ಕ್ರಾಮರ್ ಹಿಡಿದರು. ಆ ನವೆಂಬರಿನಲ್ಲಿ ಸದಸ್ಯರು ವಾಟ್ಸ್ಕೆ ಅವರನ್ನು ಸಂಘದ ಅಧ್ಯಕ್ಷರಾಗಿ ಆರಿಸಿದರು. ಒಪ್ಪದೆ ಮತ ಹಾಕಿದವರೂ ಕಡಿಮೆಯಿರಲಿಲ್ಲ. ನನಗೆ ಅದು ಸರಿಯೆನಿಸಿತು. ಕ್ಲಬ್ಬನ್ನು ಉಳಿಸಿಕೊಟ್ಟವರಿಗೂ ಸದಸ್ಯರು ಕಣ್ಣುಮುಚ್ಚಿ ಕೈ ಎತ್ತಬೇಕಾಗಿಲ್ಲ.

ಈಗ ಅವರು ಕುಳಿತಿರುವುದು ಸಂಘದ ಕಡೆ, ಕಂಪನಿಯ ಲೆಕ್ಕ ಕೇಳಬೇಕಾದ ಜಾಗದಲ್ಲಿ. ಮುಂದಿನ ವಾರ್ಷಿಕ ವರದಿ ಬಂದಾಗ ನಾನು ಮೊದಲು ತಿರುಗಿಸುವುದು ಸಂಬಳದ ಸಾಲು ಮತ್ತು ಬ್ಯಾಂಕ್ ಸಾಲದ ಸಾಲು. ಮಗ ಆಗಲೇ ಹೊಸ ಆಟಗಾರರ ಪಟ್ಟಿ ಹಿಡಿದು ಕುಳಿತಿದ್ದಾನೆ. ಯಾರ ಒಪ್ಪಂದ ಯಾವ ವರ್ಷ ಮುಗಿಯುತ್ತದೆ ಎಂಬುದನ್ನೂ ಅದರ ಎದುರಿಗೆ ಬರೆದುಕೊ ಎಂದು ಹೇಳಿದ್ದೇನೆ.